ಕೊಳ್ಳುವವನಿಗೂ ಕಾಯಕಶುದ್ಧಿಯುಂಟೆ?

ಕಾಯಕವನ್ನು ಕುರಿತು ನಮ್ಮ ಶರಣರು ಬೋಧಿಸಿದುದನ್ನು ನಾವು ಬಹುಮಟ್ಟಿಗೆ ದುಡಿಯುವವನಿಗೆ ಮಾತ್ರವೇ ಅನ್ವಯಿಸಿಕೊಳ್ಳುತ್ತೇವೆ. ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಬಟ್ಟೆಯನ್ನು ಮಡಿಮಾಡಿದ ಮಾಚಯ್ಯನವರು, ದೋಣಿ ನಡೆಸಿದ ಚೌಡಯ್ಯನವರು, ಕಟ್ಟಿಗೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನವರು—ಇವರೆಲ್ಲರೂ ಮಾಡುವ ಇಲ್ಲವೆ ಮಾರುವ ಪಕ್ಷದಲ್ಲಿ ನಿಂತವರು. ಆದರೆ ಹಗ್ಗವನ್ನು ಮಾರುವವನೊಬ್ಬನಿದ್ದರೆ ಅದನ್ನು ಕೊಳ್ಳುವವನೂ ಒಬ್ಬನು ಇರಲೇಬೇಕಷ್ಟೆ. ಮಾರುವವನ ಕಾಯಕವು ಸತ್ಯಶುದ್ಧವಾಗಿರಬೇಕೆಂದು ಹೇಳುವ ನಾವು, ಕೊಳ್ಳುವವನ ನಡತೆಯಲ್ಲಿಯೂ ಶುದ್ಧಾಶುದ್ಧಗಳುಂಟೆ ಎಂದು ಕೇಳಿಕೊಳ್ಳುವುದು ವಿರಳ. ಹಣ ನನ್ನದು, ಇಷ್ಟ ನನ್ನದು, ಎಲ್ಲಿ ಕೊಂಡರೇನು ಎಂಬುದೇ ಸಾಮಾನ್ಯ ಮನೋಭಾವವಾಗಿದೆ. ಈ ಮನೋಭಾವವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಹಿಂದೆ ಈ ಪ್ರಶ್ನೆಗೆ ಇಷ್ಟು ತೀಕ್ಷ್ಣತೆಯಿರಲಿಲ್ಲ. ಶಿವಮೊಗ್ಗದ ಗೃಹಸ್ಥನು ದಿನಸಿಗಾಗಿ ಗಾಂಧಿಬಜಾರಿಗೂ, ಬಟ್ಟೆಬರೆ ಪಾತ್ರೆಪಡಗಗಳಿಗಾಗಿ ದುರ್ಗಿಗುಡಿಗೋ ನೆಹರೂ ರಸ್ತೆಗೋ ಹೋಗುತ್ತಿದ್ದನು. ಭದ್ರಾವತಿಯವನಿಗೆ ಹಳೇನಗರ, ನ್ಯೂಟೌನ್, ಕಾಗದನಗರಗಳ ಅಂಗಡಿಗಳಿದ್ದವು. ಈಗ ಕಾಲವು ಬೇರೆಯಾಗಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳನ್ನು ಮಾರುವ ಸಣ್ಣ ಉದ್ಯಮವಾಗಿ ಫ್ಲಿಪ್‌ಕಾರ್ಟ್ ಹುಟ್ಟಿತು. 2013ರಲ್ಲಿ ಅಮೆಜಾನ್ ನಮ್ಮ ದೇಶದಲ್ಲಿ ವ್ಯಾಪಾರವನ್ನು ತೆರೆಯಿತು. 2016ರಲ್ಲಿ ಯುಪಿಐ ಬಂದು ಮೊಬೈಲಿನಿಂದಲೇ ಹಣ ಸಲ್ಲಿಸುವುದು ಸುಲಭವಾಯಿತು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಅನಂತರವಂತೂ, ಅದುವರೆಗೆ ಇದರ ಗೋಜಿಗೇ ಹೋಗದಿದ್ದ ವೃದ್ಧರು ಕೂಡ ಮೊಮ್ಮಕ್ಕಳ ಕೈಯಿಂದ ಸಾಮಾನುಗಳನ್ನು ತರಿಸಿಕೊಳ್ಳಲು ಕಲಿತರು. ಇಂದು ನಮ್ಮ ಬೀದಿಯಲ್ಲಿ ಬೆನ್ನಿಗೆ ದೊಡ್ಡ ಚೀಲವನ್ನು ಹೊತ್ತ ಹುಡುಗನ ಬೈಕು ನಿಲ್ಲದ ದಿನವೇ ಇಲ್ಲ.

ಪರರನ್ನು ಕುರಿತು ಬರೆಯುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ಸುಮಾರು ಮೂರು ವರ್ಷಗಳ ಹಿಂದೆ ಮನೆಗೆ ಒಂದು ಮಿಕ್ಸಿ ಬೇಕಾಯಿತು. ಮೊಬೈಲಿನಲ್ಲಿ ತರಿಸುವುದೆಂದು ಮಗನು ಆಗಲೇ ನಿಶ್ಚಯಿಸಿದ್ದನು. ಆದರೆ ಯಾವುದು ಒಳ್ಳೆಯದೆಂದು ತಿಳಿಯದು. ಆದುದರಿಂದ ನಾವಿಬ್ಬರೂ ಪರಿಚಿತರೊಬ್ಬರ ಅಂಗಡಿಗೆ ಹೋದೆವು. ಅವರು ಅರ್ಧಗಂಟೆಯ ಕಾಲ ನಾಲ್ಕಾರು ಮಿಕ್ಸಿಗಳನ್ನು ಇಳಿಸಿ, ಯಾವುದರ ಮೋಟಾರು ಇಡ್ಲಿಯ ಹಿಟ್ಟಿಗೆ ತಾಳುತ್ತದೆ, ಯಾವುದರ ಜಾರು ಬೇಗನೆ ಸವೆಯುತ್ತದೆ ಎಂಬುದನ್ನು ವಿವರಿಸಿದರು. ನಾವು 'ಯೋಚಿಸಿ ಬರುತ್ತೇವೆ' ಎಂದು ಹೇಳಿ ಹೊರಬಂದೆವು. ಮಗನು ಮೆಟ್ಟಿಲಿಳಿಯುವಷ್ಟರಲ್ಲಿಯೇ ಅವರು ಹೊಗಳಿದ ಮಿಕ್ಸಿಯನ್ನು ನಾನೂರು ರೂಪಾಯಿ ಕಡಿಮೆಗೆ ತರಿಸಿದನು. ಎಂಟು ತಿಂಗಳಲ್ಲಿ ಅದು ಕೆಟ್ಟಿತು. ಅದನ್ನು ಎತ್ತಿಕೊಂಡು ನಾನು ಹೋದುದು ಮತ್ತಾರ ಬಳಿಗೂ ಅಲ್ಲ, ಅದೇ ಅಂಗಡಿಗೆ. ಅವರು ಅದನ್ನು ನೋಡಿದರು, ತಮ್ಮಲ್ಲಿ ಕೊಂಡುದಲ್ಲವೆಂಬುದು ಅವರಿಗೆ ತಿಳಿಯಿತು, ಏನನ್ನೂ ಕೇಳಲಿಲ್ಲ. ಸವೆದ ಕಪ್ಲರನ್ನು ಬದಲಿಸಿ, ಅದರ ಬೆಲೆಯನ್ನಷ್ಟೇ ತೆಗೆದುಕೊಂಡರು. ಅವರು ನಾಲ್ಕು ಮಾತು ಆಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ತರಗತಿಯಲ್ಲಿ ಕಾಯಕತತ್ತ್ವವನ್ನು ಪಾಠ ಹೇಳುವ ನಾನು ಒಬ್ಬರ ಕಾಯಕದ ಫಲವನ್ನು ಕೂಲಿ ಕೊಡದೆ ಉಂಡಿದ್ದೆನೆಂಬುದು ಆ ಮೌನದಲ್ಲಿ ನನಗೆ ಸ್ಪಷ್ಟವಾಯಿತು.

ಹಾಗಾದರೆ ಮನೆಬಾಗಿಲಿಗೆ ಸಾಮಾನು ತರಿಸುವುದೇ ದೋಷವೆನ್ನಬೇಕೆ? ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲ. ಮೊಣಕಾಲುನೋವಿನಿಂದ ಮಹಡಿಯಿಳಿಯಲಾರದ ವೃದ್ಧೆಗೆ ಔಷಧಿಯು ಬಾಗಿಲಿಗೆ ಬರುವುದು ಉಪಕಾರವೇ ಸರಿ. ನಮ್ಮ ಊರಿನ ಯಾವ ಅಂಗಡಿಯಲ್ಲಿಯೂ ದೊರೆಯದ ವ್ಯಾಕರಣಗ್ರಂಥವೊಂದು ಕಾಶಿಯಿಂದ ವಾರದೊಳಗೆ ನನ್ನ ವಿದ್ಯಾರ್ಥಿಯ ಕೈಸೇರಿತು. ಅದನ್ನು ಹೇಗೆ ಹಳಿಯಲಿ? ದೂರದ ವ್ಯಾಪಾರವು ನಮ್ಮ ಸೀಮೆಗೆ ಹೊಸದೂ ಅಲ್ಲ. ಅಲ್ಲಮಪ್ರಭುಗಳ ಹೆಸರಿನೊಡನೆ ಕೂಡಿಕೊಂಡಿರುವ ಬಳ್ಳಿಗಾವಿಯು ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ವ್ಯಾಪಾರಕೇಂದ್ರವಾಗಿತ್ತು. ಅಲ್ಲಿಯ ಶಾಸನಗಳಲ್ಲಿ ನಾಡುನಾಡುಗಳನ್ನು ಸುತ್ತುತ್ತಿದ್ದ ವರ್ತಕಸಂಘಗಳ ಪ್ರಸ್ತಾಪವಿದೆ. ವಚನಕಾರರಾದ ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದವರೆಂದು ಪ್ರಸಿದ್ಧಿ. ಸಾಮಾನು ದೂರದಿಂದ ಬಂದಿತೆಂಬ ಮಾತ್ರಕ್ಕೆ ಅದು ಅಶುದ್ಧವಾಗುವುದಿಲ್ಲ. ನಮ್ಮ ಅಡಿಕೆಹಾಳೆಯ ತಟ್ಟೆಗಳೂ, ಸಾಗರ ಸೊರಬಗಳ ಗುಡಿಗಾರರ ಕೆತ್ತನೆಗಳೂ ಇದೇ ಮಾರ್ಗದಿಂದ ಹೊರನಾಡಿಗೆ ಹೋಗಬಲ್ಲವು.

ಪೂರ್ವಪಕ್ಷದಲ್ಲಿ ಇನ್ನೊಂದು ಮಾತುಂಟು, ಅದನ್ನು ಮುಚ್ಚಿಡಬಾರದು. ಅಂಗಡಿಯವನು ಗಿರಾಕಿಯನ್ನು ಬಲ್ಲನೆಂಬುದು ಯಾವಾಗಲೂ ಗುಣವಾಗಿರಲಿಲ್ಲ. ಕುಲವನ್ನು ಕೇಳಿ, ಕೆಲವರನ್ನು ಜಗಲಿಯ ಕೆಳಗೆ ನಿಲ್ಲಿಸಿ, ಕಾಸನ್ನು ನೆಲಕ್ಕೆ ಇಡಿಸಿಕೊಂಡ ಅಂಗಡಿಗಳು ನಮ್ಮ ನಾಡಿನಲ್ಲಿ ಇದ್ದವು. ಮೊಬೈಲಿನ ಅಂಗಡಿಯು ಯಾರ ಕುಲವನ್ನೂ ಕೇಳುವುದಿಲ್ಲ. ಬಂದವನನ್ನು ಯಾರವನೆಂದು ಕೇಳದೆ ತನ್ನವನೆಂದೇ ಎಣಿಸಬೇಕೆಂದು ಬಸವಣ್ಣನವರು ಬೋಧಿಸಿದರು. ಆ ಬೋಧೆಯನ್ನು ನಮ್ಮ ಬೀದಿಯು ಮರೆತ ಕಡೆ ಯಂತ್ರವು ತಿಳಿಯದೆಯೇ ನಡೆಸಿತೆಂದರೆ, ಅದು ಯಂತ್ರದ ಹಿರಿಮೆಯಲ್ಲ, ನಮ್ಮ ಕೊರತೆ. ತೂಕದಲ್ಲಿ ಮೋಸ, ಹಳೆಯ ಮಾಲನ್ನು ಹೊಸದೆಂದು ದಾಟಿಸುವುದು, ಬಿಲ್ಲು ಕೇಳಿದರೆ ಮುಖ ತಿರುಗಿಸುವುದು—ಇವೂ ಅಂಗಡಿಯ ಬೀದಿಯಲ್ಲಿ ಇಲ್ಲದಿಲ್ಲ. 2020ರ ಗ್ರಾಹಕರಕ್ಷಣೆಯ ಇ-ವಾಣಿಜ್ಯ ನಿಯಮಗಳಂತೆ ಆನ್‌ಲೈನ್ ಸಂಸ್ಥೆಯು ದೂರು ತಲಪಿದುದನ್ನು 48 ಗಂಟೆಗಳೊಳಗೆ ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೊಂಡ ವಸ್ತುವನ್ನು ಹಿಂದಿರುಗಿಸಲು ಹೋದವನನ್ನು ಗದರಿಸುವ ಅಂಗಡಿಕಾರನು ಇದನ್ನು ನೋಡಿ ಕಲಿಯಬೇಕಾದುದುಂಟು.

ಇಷ್ಟನ್ನು ಒಪ್ಪಿದ ಮೇಲೆ ಸಿದ್ಧಾಂತವೇನು? ಬೆಲೆ ಬೇರೆ, ಋಣ ಬೇರೆ; ಈ ವಿವೇಕದಲ್ಲಿಯೇ ಉತ್ತರವು ಅಡಗಿದೆ. ಬೆಲೆಯು ವಸ್ತುವಿಗೆ ಸಂಬಂಧಿಸಿದುದು; ಹಣವನ್ನು ಎಣಿಸಿಕೊಟ್ಟೊಡನೆ ಅದು ತೀರಿತು. ವಸ್ತುವಿನ ಹೊರತಾಗಿ ಪಡೆದುದರಿಂದ—ಸಲಹೆಯಿಂದ, ನಂಬಿಕೆಯಿಂದ, ಕಷ್ಟಕಾಲದ ಆಸರೆಯಿಂದ—ಹುಟ್ಟುವುದು ಋಣ. ಅದಕ್ಕೆ ಚೀಟಿಯಿಲ್ಲ, ಬಿಲ್ಲಿಲ್ಲ. ಆದುದರಿಂದಲೇ ಅದನ್ನು ಮರೆಯುವುದು ಸುಲಭ.

ಭದ್ರಾವತಿಯ ಉದಾಹರಣೆಯನ್ನು ನೋಡೋಣ. 1918ರಲ್ಲಿ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾದುವು. ಬೆಂಕೀಪುರವೆಂಬ ಹಳೆಯ ಊರು ಕೈಗಾರಿಕಾನಗರವಾಗಿ ಬೆಳೆದುದು ಅವುಗಳಿಂದ. 2015ರ ಸುಮಾರಿಗೆ ಕಾಗದ ಕಾರ್ಖಾನೆಯ ಉತ್ಪಾದನೆಯು ನಿಂತಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಪ್ರಕಟವಾಗಿ, ಊರಿಗೂರೇ ತಲ್ಲಣಿಸಿತು. ಕಾಗದ ಕಾರ್ಖಾನೆಯಲ್ಲಿದ್ದ ನನ್ನ ಬಂಧುವೊಬ್ಬರಿಗೆ ಸಂಬಳವು ತಿಂಗಳುಗಟ್ಟಲೆ ಬಾರದಿದ್ದಾಗ ಮನೆಯ ಒಲೆಯು ಆರದಂತೆ ನೋಡಿಕೊಂಡವನು ಕಾಗದನಗರದ ಒಬ್ಬ ಕಿರಾಣಿ ಅಂಗಡಿಯವನು. ಉದ್ರಿಯ ಪುಸ್ತಕದಲ್ಲಿ ಅಕ್ಕಿ, ಬೇಳೆ, ಎಣ್ಣೆ ಎಂದು ಬರೆದುಕೊಂಡನೇ ಹೊರತು ಎಂದು ಕೊಡುತ್ತೀರೆಂದು ಕೇಳಲಿಲ್ಲ. ಅಸಲೆಲ್ಲವೂ ಕಾಲಕ್ರಮದಲ್ಲಿ ತೀರಿತು. ಇಂದು ಆ ಮನೆಯ ಮಕ್ಕಳು ಬೆಂಗಳೂರಿನಲ್ಲಿ ಸಂಪಾದಿಸುತ್ತಾರೆ. ತಂದೆತಾಯಿಗಳ ಮನೆಗೆ ತಿಂಗಳ ದಿನಸಿಯನ್ನು ಅಲ್ಲಿಂದಲೇ ಮೊಬೈಲಿನಲ್ಲಿ ಕಳುಹಿಸುತ್ತಾರೆ. ಆ ಅಂಗಡಿಯವನ ಲೆಕ್ಕದಲ್ಲಿ ಬಾಕಿಯೇನೂ ಇಲ್ಲ. ಆದರೆ ಋಣವು ತೀರಿತೆ? ಹಣವಿಲ್ಲದಾಗ ಅವನ ಅಂಗಡಿ, ಹಣವಿದ್ದಾಗ ಬೇರೆಯವರ ಅಂಗಡಿ ಎಂಬ ನಡತೆಯನ್ನು ಯಾವ ಲೆಕ್ಕಪುಸ್ತಕವೂ ತಪ್ಪೆನ್ನದಿದ್ದರೂ ಅಂತಃಕರಣವು ಒಪ್ಪುವುದಿಲ್ಲ. ಇನ್ನೊಮ್ಮೆ ಕಷ್ಟ ಬಂದರೆ ಕಂಪನಿಯ ಯಂತ್ರವು ಕಂತಿನ ಸಾಲವನ್ನು ಬಡ್ಡಿಯೊಡನೆ ಕೊಟ್ಟೀತು. ಮುಖವನ್ನು ನೋಡಿ ಅಕ್ಕಿಯನ್ನು ಕೊಡದು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: 'ಅಂಗಡಿಯವನು ಸಲಹೆಯನ್ನೂ ಉದ್ರಿಯನ್ನೂ ಕೊಟ್ಟುದು ಲಾಭದ ಆಸೆಯಿಂದ, ಲಾಭವು ಬಾರದಿದ್ದರೆ ಅದು ವ್ಯಾಪಾರದ ಸಹಜ ನಷ್ಟ, ನನಗೇಕೆ ಅದರ ಪಾಪ?' ಈ ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಕೊಳ್ಳಬೇಕೆಂಬ ಮನಸ್ಸಿನಿಂದ ಹೋಗಿ, ನೋಡಿ, ಒಪ್ಪಿಗೆಯಾಗದೆ ಹಿಂದಿರುಗಿದವನಿಗೆ ದೋಷವಿಲ್ಲ. ಹತ್ತು ಅಂಗಡಿಗಳನ್ನು ನೋಡಿ ಒಂದರಲ್ಲಿ ಕೊಳ್ಳುವುದು ಲೋಕರೂಢಿ. ಆದರೆ ಇಲ್ಲಿ ಕೊಳ್ಳುವುದಿಲ್ಲವೆಂದು ಮನೆಯಲ್ಲಿಯೇ ನಿಶ್ಚಯಿಸಿ, ಕೊಳ್ಳುವವನಂತೆ ನಟಿಸಿ, ಅವನ ಜ್ಞಾನವನ್ನು ಪಡೆದು ಬರುವುದು ಹುಸಿ. ಕ್ರಿಯೆಯು ಹೊರಗೆ ಒಂದೇ, ಭಾವವು ಬೇರೆ. ಭಾವಶುದ್ಧಿಯಿಲ್ಲದ ಪೂಜೆಯನ್ನೇ ಒಪ್ಪದ ಶರಣರು ಭಾವಶುದ್ಧಿಯಿಲ್ಲದ ವ್ಯವಹಾರವನ್ನು ಒಪ್ಪುವರೆ? ನನ್ನ ಮಿಕ್ಸಿಯ ಪ್ರಸಂಗದಲ್ಲಿ ತಪ್ಪಿದ್ದುದು ನಾನೂರು ರೂಪಾಯಿಯ ಉಳಿತಾಯದಲ್ಲಿ ಅಲ್ಲ. 'ಯೋಚಿಸಿ ಬರುತ್ತೇವೆ' ಎಂಬ ಮಾತಿನಲ್ಲಿ.

ಹಾಗೆಂದು ಅಂಗಡಿಯವನಿಗೆ ದಾನ ಮಾಡುವಂತೆ ಹೆಚ್ಚು ಬೆಲೆ ತೆರಬೇಕೆಂದೂ ನನ್ನ ಅಭಿಪ್ರಾಯವಲ್ಲ. ಮಗಳ ಕಾಲೇಜಿನ ಶುಲ್ಕಕ್ಕಾಗಿ ರೂಪಾಯಿ ರೂಪಾಯಿಯನ್ನು ಉಳಿಸುವ ಗೃಹಸ್ಥನು ಕಡಿಮೆ ಬೆಲೆಯ ಕಡೆಗೆ ಹೋದರೆ ಅವನನ್ನು ಯಾರೂ ನಿಂದಿಸಲಾಗದು. ಅಂಗಡಿಕಾರನೂ ಭಿಕ್ಷುಕನಲ್ಲ; ಅವನಿಗೆ ಬೇಕಾದುದು ಕರುಣೆಯಲ್ಲ, ಅವಕಾಶ. 'ಹೊರಗೆ ಇಷ್ಟಕ್ಕೆ ಸಿಗುತ್ತದೆ, ನೀವು ಎಷ್ಟಕ್ಕೆ ಕೊಡಬಲ್ಲಿರಿ?' ಎಂದು ಮುಚ್ಚುಮರೆಯಿಲ್ಲದೆ ಕೇಳಿದರೆ ಅವನು ಇಳಿಸಬಹುದು, ಇಲ್ಲವೆ ತನ್ನಿಂದಾಗದೆಂದು ಹೇಳಬಹುದು. ಎರಡರಲ್ಲಿಯೂ ಸತ್ಯವು ಉಳಿಯುತ್ತದೆ.

ಕಡಿಮೆ ಬೆಲೆಯು ಯಾರ ಬೆವರಿನಿಂದ ಕಡಿಮೆಯಾಯಿತೆಂಬುದನ್ನೂ ಕೇಳಬೇಕು. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯಂತೆ, 2020-21ರಲ್ಲಿ ದೇಶದಲ್ಲಿ ಗಿಗ್ ಕೆಲಸಗಾರರ ಸಂಖ್ಯೆ ಸುಮಾರು 77 ಲಕ್ಷ. ಚೀಲ ಹೊತ್ತು ಬರುವ ಹುಡುಗರೂ ಆ ವರ್ಗಕ್ಕೆ ಸೇರಿದವರೇ. ಅವರಿಗಾಗಿ ನಮ್ಮ ರಾಜ್ಯವು 2025ರಲ್ಲಿ ಕಾಯಿದೆಯೊಂದನ್ನು ಮಾಡಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕ್ಷೇಮನಿಧಿಯ ಶುಲ್ಕವನ್ನು ವಸೂಲುಮಾಡುವ ಏರ್ಪಾಡು ಮಾಡಿತು. ಕಾಯಿದೆಯು ತನ್ನ ಕೆಲಸವನ್ನು ಮಾಡಲಿ. ಗೃಹಸ್ಥನ ಕೆಲಸವು ಬೇರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದು ನಿಂತವನ ಕೈಯಿಂದ ಪೊಟ್ಟಣವನ್ನು ಕಸಿದುಕೊಂಡು ಬಾಗಿಲು ಹಾಕುವ ಮನೆಯಲ್ಲಿ ದಾಸೋಹದ ಮಾತಿಗೆ ಏನು ಅರ್ಥ? 'ಸ್ವಲ್ಪ ಕೂತ್ಕೊಳಪ್ಪ, ನೀರು ಕುಡಿದು ಹೋಗು' ಎಂದರೆ ಕಳೆದುಕೊಳ್ಳುವುದು ಒಂದು ನಿಮಿಷವನ್ನು. ಅವನೂ ಕಾಯಕಜೀವಿಯೇ, ಅಂಗಡಿಯ ಮೇಲಿನ ಅಭಿಮಾನದಿಂದ ಅವನನ್ನು ಶತ್ರುವಿನಂತೆ ಕಾಣುವುದು ಅವಿವೇಕ.

ಕೊನೆಯದಾಗಿ, ಬೇಡದುದನ್ನು ಕೊಳ್ಳುವ ವಿಷಯ. ಹಬ್ಬದ ಕಾಲದಲ್ಲಿ ರಿಯಾಯಿತಿಯ ಮಹಾಮಾರಾಟಗಳು ನಡೆಯುತ್ತವೆ. ಬೆರಳಿನ ಒಂದು ಸ್ಪರ್ಶಕ್ಕೆ ವಸ್ತುವು ಹೊರಡುತ್ತದೆ. ಅಂಗಡಿಗೆ ನಡೆದುಹೋಗುವ ಶ್ರಮವು ಆಸೆಗೆ ಒಂದು ಕಡಿವಾಣವಾಗಿತ್ತು; ಆ ಕಡಿವಾಣವು ಈಗ ಕಳಚಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಮತ್ತೆ ಅಲ್ಲಿಯೇ ಸುರಿದುಬರುವಂತೆ ಹೇಳಿದರೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಅಕ್ಕಿಯು ಕದ್ದುದಲ್ಲ, ಬೆಲೆಯನ್ನೂ ಕೊಡಬೇಕಾಗಿರಲಿಲ್ಲ. ಆದರೂ ಅಗತ್ಯಕ್ಕೆ ಮೀರಿದುದು ಆಸೆಯೆಂದು ಆ ತಾಯಿ ಕಂಡಳು. ಅಗ್ಗವಾಗಿದೆಯೆಂಬುದು ಬೇಕಾಗಿದೆಯೆಂಬುದಕ್ಕೆ ಪ್ರಮಾಣವಲ್ಲ. ಈ ಮಾತು ಮೊಬೈಲಿಗೂ ಸಲ್ಲುತ್ತದೆ, ಗಾಂಧಿಬಜಾರಿಗೂ ಸಲ್ಲುತ್ತದೆ.

ಹೀಗೆ ವಿಚಾರಿಸಿದರೆ ಗೃಹಸ್ಥನಿಗೆ ಕೆಲವು ನಿಯಮಗಳು ದೊರೆಯುತ್ತವೆ. ಎಲ್ಲಿ ಸಲಹೆಯನ್ನು ಪಡೆದೆವೋ ಅಲ್ಲಿಯೇ ಮೊದಲು ಕೇಳುವುದು. ಎಲ್ಲಿ ಉದ್ರಿಯನ್ನು ಪಡೆದೆವೋ ಅಲ್ಲಿಗೆ ರೊಕ್ಕವನ್ನೂ ಒಯ್ಯುವುದು. ಊರಿನಲ್ಲಿ ದೊರೆಯದುದನ್ನು ನಿಃಸಂಕೋಚವಾಗಿ ಹೊರಗಿನಿಂದ ತರಿಸುವುದು. ತಂದವನನ್ನು ಮನುಷ್ಯನೆಂದು ಕಾಣುವುದು. ಅಗತ್ಯವಿಲ್ಲದುದನ್ನು ಎಲ್ಲಿಯೂ ಕೊಳ್ಳದಿರುವುದು. ಅಂಗಡಿಕಾರರಿಗೂ ಒಂದು ಮಾತು: ತಕ್ಕಡಿಯು ನೇರವಾಗಿದ್ದು, ಬಂದವರೆಲ್ಲರಿಗೂ ಜಗಲಿಯು ಸಮನಾಗಿದ್ದರೆ ಮಾತ್ರವೇ ಊರಿನವರ ನಿಷ್ಠೆಯನ್ನು ಬೇಡುವ ಅಧಿಕಾರವು ಅವರಿಗುಂಟು.

ಕಳೆದ ತಿಂಗಳು ಅದೇ ಮಿಕ್ಸಿಗೆ ಹೊಸ ಜಾರು ಬೇಕಾಯಿತು. ಮಗನು ಮೊಬೈಲನ್ನು ತೆರೆಯುವಷ್ಟರಲ್ಲಿ ಅವನನ್ನು ತಡೆದು, ಆ ಅಂಗಡಿಗೆ ಹೋಗಿ ಕೇಳಿದೆನು. ಹಳೆಯ ತಪ್ಪನ್ನೂ ಬಾಯಿಬಿಟ್ಟು ಹೇಳಿಕೊಂಡೆನು. ಅವರು ನಕ್ಕು, 'ಅದೆಲ್ಲ ಇರ್ಲಿ ಬಿಡಿ ಮೇಷ್ಟ್ರೇ. ಈ ಕಂಪನಿ ಜಾರು ಈಗ ನಮಗೆ ಬರ್ತಾ ಇಲ್ಲ. ಮೊಬೈಲಲ್ಲೇ ತರಿಸ್ಕೊಳ್ಳಿ, ಅಳತೆ ನಾನು ಬರ್ಕೊಡ್ತೀನಿ' ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯಂತೆಯೇ ಜಾರನ್ನು ತರಿಸಿದೆವು. ಈ ಸಲ ಮನಸ್ಸಿಗೆ ಯಾವ ಭಾರವೂ ಇರಲಿಲ್ಲ. ಆದರೆ ಅವರ ಋಣವು ಇನ್ನೊಂದು ಚೀಟಿಯಷ್ಟು ಬೆಳೆಯಿತು.

ಶಿವಾರ್ಪಣಮಸ್ತು.