ತೆರೆಯ ಮೇಲಿನ ಚರಿತ್ರೆ: ಪ್ರತ್ಯಕ್ಷವೋ, ಶಬ್ದವೋ?

ಇತಿಹಾಸದ ತರಗತಿಯಲ್ಲಿ ತೋರಿಸುವ ಕಿರು ಸಾಕ್ಷ್ಯಚಿತ್ರದಿಂದ ವಿದ್ಯಾರ್ಥಿಗೆ ಸಿಗುವ ಜ್ಞಾನ ಯಾವ ಬಗೆಯದು ಎಂಬುದು ಭಾರತೀಯ ದರ್ಶನಗಳ ಪ್ರಮಾಣವಿಚಾರಕ್ಕೆ ಸೇರಿದ ಪ್ರಶ್ನೆ. ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಇಂದ್ರಿಯಕ್ಕೂ ವಸ್ತುವಿಗೂ ಸಂಬಂಧ ಏರ್ಪಟ್ಟಾಗ ಹುಟ್ಟುವುದು ಪ್ರತ್ಯಕ್ಷ. ಆಪ್ತನ, ಅಂದರೆ ವಿಷಯ ಬಲ್ಲ, ಇದ್ದದ್ದನ್ನು ಇದ್ದಂತೆ ಹೇಳುವವನ ಮಾತಿನಿಂದ ಬರುವುದು ಶಬ್ದ. ಚಿತ್ರ ನೋಡಿದ ಮಗುವಿಗೆ ಎಲ್ಲವನ್ನೂ ಕಣ್ಣಾರೆ ಕಂಡಂತೆ ಅನಿಸುತ್ತದೆ. ಆದರೆ ಕಣ್ಣಿನ ಎದುರಿಗಿದ್ದದ್ದು ತೆರೆ, ಘಟನೆಯಲ್ಲ.

ರಾಮನಗರದ ಸೀಮೆಯಲ್ಲಿ ಇದನ್ನು ಮನಗಾಣಿಸುವುದು ಸುಲಭ. 1975ರಲ್ಲಿ ಬಿಡುಗಡೆಯಾದ ‘ಶೋಲೆ’ಗಾಗಿ ರಾಮದೇವರ ಬೆಟ್ಟದ ಬಳಿ ರಾಮಗಢವೆಂಬ ಊರನ್ನೇ ಕಟ್ಟಿದ್ದರು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮಾಗಡಿ ಸೀಮೆಯ ಸಾವನದುರ್ಗ ಕಥೆಯ ಮರಬಾರ್ ಬೆಟ್ಟವಾಯಿತು. ಬಂಡೆ ನಿಜ, ಊರು ಕಲ್ಪನೆ. ಕ್ಯಾಮೆರಾ ಎರಡನ್ನೂ ಅಷ್ಟೇ ನಿಚ್ಚಳವಾಗಿ ತೋರಿಸುತ್ತದೆ.

ಟಿಪ್ಪು ಸುಲ್ತಾನನ ಕೈಯಲ್ಲಿದ್ದ ಅದೇ ಸಾವನದುರ್ಗದ ಕೋಟೆಯನ್ನು ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸನ ಸೇನೆ ಹಿಡಿಯಿತು. ಛಾಯಾಚಿತ್ರ ಇನ್ನೂ ಹುಟ್ಟಿರದ ಕಾಲ ಅದು. ಆ ಮುತ್ತಿಗೆಯ ಬಗ್ಗೆ ಕಿರುಚಿತ್ರ ಮಾಡುವವರಿಗೆ ಒದಗುವುದು ಸೇನೆಯ ಜೊತೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ದೃಶ್ಯಗಳು, ಇಂದಿನ ಬಂಡೆಯ ತುಣುಕುಗಳು, ಅವುಗಳ ಮೇಲೆ ಹರಿಯುವ ನಿರೂಪಣೆ. ಕಡಿದಾದ ಬಂಡೆಯನ್ನು ನೋಡಿ ಕೋಟೆ ದುರ್ಗಮವಾಗಿತ್ತು ಎಂದು ತಿಳಿಯುವುದು ಅನುಮಾನ. ಉಳಿದದ್ದು ಬಹುಪಾಲು ಶಬ್ದ. ಶಬ್ದವೆಂದರೆ ಕೀಳು ಪ್ರಮಾಣವಲ್ಲ. ಗತಕಾಲವನ್ನು ಅರಿಯಲು ಅದನ್ನು ಬಿಟ್ಟರೆ ಗತಿಯಿಲ್ಲ. ಆದರೆ ಅಲ್ಲಿ ಆಪ್ತನ ಪರೀಕ್ಷೆ ಆಗಲೇಬೇಕು. ಹೋಮ್ ನಿಂತು ನೋಡಿದ್ದು ಗೆದ್ದವರ ಪಾಳೆಯದಿಂದ. ಚಿತ್ರವನ್ನು ಆ ಜಾಗದಲ್ಲಿ ನಿಲ್ಲಿಸಿ, ಇದನ್ನು ಬರೆದವರು ಯಾರು, ಯಾರ ಕಡೆಯವರು ಎಂದು ಕೇಳದ ಪಾಠ ಅರ್ಧ ಪಾಠ.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವನ್ನು ಒಪ್ಪುತ್ತಾರೆ: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಅದಕ್ಕೊಂದು ಕಟ್ಟುಪಾಡಿದೆ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದರೆ ಮಾತ್ರ ಅದು ಪ್ರಮಾಣ. ಐದು ನಿಮಿಷದ ಚಿತ್ರಕ್ಕೆ ಆ ಅರ್ಹತೆಯಿಲ್ಲ. ಸಾವನದುರ್ಗ ಮಾಗಡಿ ಕೆಂಪೇಗೌಡರ ವಂಶದ ಕೈಯಲ್ಲಿದ್ದು, 1728ರಲ್ಲಿ ಮೈಸೂರಿನ ವಶವಾಯಿತು. ಮುತ್ತಿಗೆಯ ಚಿತ್ರ ಇದನ್ನು ಬಿಟ್ಟರೆ, ಕೋಟೆಯ ಕಥೆ ಟಿಪ್ಪುವಿನಿಂದಲೇ ಶುರುವಾಯಿತೆಂದು ಮಗು ನಂಬಿಬಿಡುತ್ತದೆ.

ಚಿತ್ರದ ನಿಜವಾದ ಬಲ ಕಾಣುವುದು ಚನ್ನಪಟ್ಟಣದ ಗೊಂಬೆಯಂಥ ವಿಷಯದಲ್ಲಿ. ಗಿರಗಿರನೆ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಪುಟಗಟ್ಟಲೆ ಬರೆದರೂ ಅರ್ಥವಾಗದ ಈ ಕೆಲಸ ತೆರೆಯ ಮೇಲೆ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಈ ಕೆಲಸ ಕಲಿಸಲು ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬ ಪ್ರತೀತಿಯನ್ನು ಮರುಕ್ಷಣವೇ ಅದೇ ಚಿತ್ರದ ನಿರೂಪಣೆ ಹೇಳುತ್ತದೆ. ಮೊದಲನೆಯದನ್ನು ಮಗು ಯಾವುದಾದರೂ ಕಾರ್ಖಾನೆಗೆ ಹೋಗಿ ನೋಡಿ ಖಚಿತಪಡಿಸಿಕೊಳ್ಳಬಹುದು. ಎರಡನೆಯದಕ್ಕೆ ಅಂದಿನ ಕಾಗದಪತ್ರಗಳ ಆಧಾರ ಬೇಕು.