ಉಸಿರಿನ ಬಾಗಿಲು

ನಾಸಿಕವು ಆಚಾರಲಿಂಗದ ಮುಖವೆಂದೂ ಗಂಧವೇ ಅದಕ್ಕೆ ಸಲ್ಲತಕ್ಕ ಪದಾರ್ಥವೆಂದೂ ಷಟ್‌ಸ್ಥಲಶಾಸ್ತ್ರವು ಹೇಳುತ್ತದೆ. ಲಿಂಗಕ್ಕೆ ಏರಿಸಿದ ಪತ್ರೆಪುಷ್ಪಗಳ ಕಂಪು ಮೊದಲು ಲಿಂಗಾರ್ಪಿತವಾಗಿ, ಅನಂತರ ಭಕ್ತನಿಗೆ ಪ್ರಸಾದವಾಗಿ ಬರಬೇಕು. ಆ ಬಾಗಿಲೇ ಮುಚ್ಚಿಹೋದರೆ ಗೃಹಸ್ಥನು ಮಾಡತಕ್ಕುದೇನು?

ಧಾನ್ಯದ ವ್ಯಾಪಾರ ಮಾಡುವ ಸದ್ಭಕ್ತನೊಬ್ಬನು ಎಳವೆಯಲ್ಲಿ ಗಾಡಿಯಿಂದ ಬಿದ್ದು ಮೂಗಿಗೆ ಪೆಟ್ಟು ಮಾಡಿಕೊಂಡಿದ್ದನು. ಐವತ್ತು ದಾಟುವ ವೇಳೆಗೆ ಒಂದು ಹೊಳ್ಳೆಯಲ್ಲಿ ಗಾಳಿಯೇ ಆಡದಾಯಿತು. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವನು. ನಡುವೆ ಉಸಿರು ನಿಂತು, ಬೆಚ್ಚಿಬಿದ್ದು ಮತ್ತೆ ಎಳೆದುಕೊಳ್ಳುವನು. ಮಡದಿಯು ಹಾಸಿಗೆಯಲ್ಲಿ ಎದ್ದು ಕುಳಿತು ಆ ಉಸಿರುಗಳನ್ನು ಎಣಿಸುವಳು. ಹಗಲು ತಕ್ಕಡಿಯ ಮುಂದೆ ತೂಕಡಿಕೆ. ಒಂದು ಮುಂಜಾನೆ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು ದೃಷ್ಟಿ ನಿಲಿಸಿದ್ದಾಗಲೇ ಕಣ್ಣು ಮುಚ್ಚಿ ಅಂಗೈ ವಾಲಿತು. ಪಕ್ಕದಲ್ಲಿದ್ದ ಮಡದಿ ಕೈಯೊಡ್ಡಿ ಹಿಡಿದಳು. ತನ್ನ ಭಕ್ತಿಯೇ ಬತ್ತಿತೆಂದು ಬಗೆದು ಆತನು ಒಪ್ಪೊತ್ತಿನ ವ್ರತ ಹಿಡಿದನು. ವ್ರತದಿಂದ ಮೂಗಿನ ಎಲುಬು ನೆಟ್ಟಗಾಗುವುದುಂಟೆ?

ಎರಡು ಹೊಳ್ಳೆಗಳ ನಡುವೆ, ಮುಂದೆ ಮೃದ್ವಸ್ಥಿಯಿಂದಲೂ ಹಿಂದೆ ಎಲುಬಿನಿಂದಲೂ ಆದ ಗೋಡೆಯೊಂದುಂಟು. ಅದು ಡೊಂಕಾದರೆ ಒಂದು ಕಡೆಯ ಹಾದಿ ಇಕ್ಕಟ್ಟಾಗುತ್ತದೆ. ವೈದ್ಯರು ಹೊಳ್ಳೆಯ ಒಳಗಿನಿಂದಲೇ ಪೊರೆಯನ್ನು ಬಿಡಿಸಿ, ಡೊಂಕನ್ನು ತೆಗೆದೋ ತಿದ್ದಿಯೋ, ಪೊರೆಯನ್ನು ಮತ್ತೆ ಕೂಡಿಸುತ್ತಾರೆ. ಹೊರಗೆ ಗಾಯದ ಗುರುತಿರದು. ಸಾಮಾನ್ಯವಾಗಿ ಒಂದು ಒಂದೂವರೆ ಗಂಟೆಯ ಕೆಲಸ. ಆದರೆ ನಿದ್ರೆಯಲ್ಲಿ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ಪದೇ ಪದೇ ನಿಲ್ಲುವ ರೋಗಕ್ಕೆ ಬಹುಮಟ್ಟಿಗೆ ಗಂಟಲಿನ ಹಾದಿ ಕುಸಿಯುವುದೇ ಕಾರಣ. ಮೂಗನ್ನು ತಿದ್ದಿದ ಮಾತ್ರಕ್ಕೆ ಅದು ಹೋಗುವುದೆಂಬ ಭರವಸೆಯಿಲ್ಲ. ಆದುದರಿಂದ ವೈದ್ಯರು ಮೊದಲು ಒಂದು ರಾತ್ರಿಯ ನಿದ್ರಾಪರೀಕ್ಷೆ ಮಾಡಿಸಿ, ರೋಗವು ಅಲ್ಪಪ್ರಮಾಣದಲ್ಲಿದೆಯೆಂದು ಕಂಡ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತೆತ್ತಿದರು.

ಭಕ್ತನು ಮಠಕ್ಕೆ ಬಂದು ಅಡ್ಡಬಿದ್ದನು. "ಬುದ್ಧೀ, ಗುರುವು ದೀಕ್ಷೆಯಿತ್ತು ಶುದ್ಧಿಗೊಳಿಸಿದ ಕಾಯಕ್ಕೆ ಕತ್ತಿ ತಾಗಿಸಬಹುದೆ?"

"ಕಾಲಿಗೆ ಮುಳ್ಳು ನೆಟ್ಟರೆ ತೆಗೆಯದೆ ಬಿಡುತ್ತೀಯಾ, ತಮ್ಮಾ?" ಎಂದರು ಸ್ವಾಮಿಗಳು. ಕಾಯವಿಲ್ಲದೆ ಕಾಯಕವಿಲ್ಲ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು. ಚಿಕಿತ್ಸೆಯೇ ಅವರ ಕಾಯಕ. ನಾಸಿಕದ ರೋಗಗಳಿಗೆ ಶಸ್ತ್ರಪ್ರಯೋಗವನ್ನು ಸುಶ್ರುತನೇ ವಿಧಿಸಿದ್ದಾನೆ. ಈ ಶಂಕೆ ಬೇಗ ತೀರಿತು.

ಎರಡನೆಯದು ಅಷ್ಟು ಸುಲಭವಾಗಿರಲಿಲ್ಲ. "ಮೈಮೇಲೆ ಒಂದು ದಾರವೂ ಇರಬಾರದೆನ್ನುತ್ತಾರೆ, ಬುದ್ಧೀ. ಲಿಂಗವನ್ನಗಲಿದ ಗಳಿಗೆಯಲ್ಲೇ ಪ್ರಾಣ ಹೋದರೆ ನನ್ನ ಗತಿಯೇನು?" ಎನ್ನುವಾಗ ಆತನ ಕಂಠ ಬಿಗಿಯಿತು. ಸ್ವಾಮಿಗಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇದನ್ನು ವೈದ್ಯರ ಮುಂದೆ ಹೇಳಿದೆಯಾ?" ಎಂದು ಕೇಳಿದರು. ಹೇಳಿರಲಿಲ್ಲ. ಎಷ್ಟೋ ಮಂದಿ ಹೇಳುವುದಿಲ್ಲ. ಮನದಲ್ಲೇ ಕೊರಗಿ ವರ್ಷಗಳನ್ನು ಕಳೆಯುತ್ತಾರೆ.

ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣವನ್ನು ಬಳಸುವುದರಿಂದ ಲೋಹ ಮೈಗೆ ತಾಗಿರಬಾರದು, ಕೊರಳ ಬಳಿ ಯಾವುದೂ ಅಡ್ಡಿಯಾಗಬಾರದು ಎಂದು ವೈದ್ಯರು ವಿವರಿಸಿದರು. ಬೆಳ್ಳಿಯ ಕರಡಿಗೆ ಬೇಡ. ಲಿಂಗವನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಒಪ್ಪಿದರು. ಒಪ್ಪದಿದ್ದರೆ? "ಲಿಂಗವಂತೆಯಾದ ಮಡದಿಯ ಕೈಗೆ ಕೊಡು. ಮಂತ್ರದೀಕ್ಷೆಯಿಂದ ಪಡೆದ ಪ್ರಾಣಲಿಂಗವನ್ನು ಯಾವ ವೈದ್ಯನು ಬಿಚ್ಚಿಡಬಲ್ಲನು?" ಎಂದು ಸ್ವಾಮಿಗಳು ಮೊದಲೇ ಹೇಳಿದ್ದರು. ಇದನ್ನೊಪ್ಪದ ಹಿರಿಯರೂ ಇದ್ದಾರೆ. ಅವರವರು ತಮ್ಮ ತಮ್ಮ ಗುರುವಿನ ಅಪ್ಪಣೆಯಂತೆ ನಡೆಯಲಿ.

ಇನ್ನು ಅರಿವಳಿಕೆ. ಆ ಶಬ್ದವೇ ಶರಣರ ಮಕ್ಕಳ ಕಿವಿಗೆ ಕಠೋರವಾಗಿ ಕೇಳಿಸುತ್ತದೆ. ಅರಿವನ್ನೇ ಗುರುವೆಂದು ನಂಬಿದವರು ಅದನ್ನು ಅಳಿಸಿಕೊಳ್ಳುವುದೆಂತು? ಆದರೆ ಇಂದ್ರಿಯಗಳ ಎಚ್ಚರವೇ ಶರಣರ ಅರಿವಲ್ಲ. ಎಚ್ಚರವು ಪ್ರತಿ ರಾತ್ರಿಯೂ ಅಡಗುತ್ತದೆ. ಅರಿವು ಅಡಗಿತೆಂದು ಯಾರೂ ಹೇಳುವುದಿಲ್ಲ. ಈ ಭಕ್ತನಿಗಾದರೋ ಆ ಸಹಜನಿದ್ರೆಯೇ ದುರ್ಲಭವಾಗಿತ್ತು.

ಚಿಕಿತ್ಸೆಗೆ 6 ಗಂಟೆ ಮುಂಚೆ ಆಹಾರವನ್ನೂ, 2 ಗಂಟೆ ಮುಂಚೆ ನೀರನ್ನೂ ನಿಲ್ಲಿಸಬೇಕೆಂಬ ನಿಯಮವಿತ್ತು. ಆತನು ನಸುಕಿನಲ್ಲೇ ಪೂಜೆ ಮುಗಿಸಿ, ವೈದ್ಯರನ್ನು ಕೇಳಿಕೊಂಡು, ಪಾದೋದಕವನ್ನಷ್ಟೇ ಸೇವಿಸಿ ಹೊರಟನು. ಮರುದಿನ ಮೂಗಿಗೆ ತುರುಕಿದ್ದ ಬತ್ತಿಯನ್ನು ತೆಗೆದರು. ಎರಡು ವಾರ ಮೂಗು ಸೀನಬಾರದು, ಮೂಟೆ ಎತ್ತಬಾರದು ಎಂದರು. ಮೊದಲನೆಯದನ್ನು ಪಾಲಿಸಿದನು, ಎರಡನೆಯದಕ್ಕೆ ಮಗನು ಅಂಗಡಿಯ ಬಾಗಿಲಲ್ಲಿ ಕಾವಲಿರಬೇಕಾಯಿತು.

ಎರಡು ತಿಂಗಳ ಮೇಲೆ ಪೂಜೆಯಲ್ಲಿ ಮರುಗದ ಕಂಪು ಎರಡೂ ಹೊಳ್ಳೆಗೆ ಬಂದಿತು. ಅಂಗೈಯಲ್ಲಿ ಲಿಂಗ ಅಲುಗದೆ ನಿಲ್ಲುತ್ತಿದೆ. ಗೊರಕೆ ಪೂರ್ತಿ ಹೋಗಿಲ್ಲ. ಅಂಗಾತ ಮಲಗಿದರೆ ಈಗಲೂ ಬರುತ್ತದೆ. ಆಗ ಮಡದಿಯು ಆತನನ್ನು ಮಗ್ಗುಲಿಗೆ ಹೊರಳಿಸಿ, ತಾನೂ ಮಲಗುತ್ತಾಳೆ.