ಅರಿಯದ ಜೀವಕ್ಕೆ ಆದ ಹಾನಿ

ನೋವನ್ನು ಅರಿಯಲಾರದ ಸ್ಥಿತಿಯಲ್ಲಿರುವ ಪ್ರಾಣಿಗೆ ಒದಗಿದ ಹಾನಿಯನ್ನು ಹಿಂಸೆಯೆಂದು ಕರೆಯಬಹುದೆ? ಇದು ತಾರ್ಕಿಕರ ವಿನೋದವೆಂದು ತೋರಬಹುದು. ಆದರೆ ಕಮಲಾಪುರದ ಕೆಂಪು ಬಾಳೆಯ ತೋಟವೊಂದನ್ನು ಕಾಯುವ ಹೆಣ್ಣುನಾಯಿಯನ್ನು, ಗರ್ಭಕೋಶದಲ್ಲಿ ಕೀವು ತುಂಬಿದ ಕಾರಣ ಕಲಬುರಗಿಗೆ ತಂದು, ಅರಿವಳಿಕೆಯಿತ್ತು ಶಸ್ತ್ರಕ್ರಿಯೆಗೆ ಮಲಗಿಸಿದರೆಂದು ಭಾವಿಸಿದಾಗ, ಪ್ರಶ್ನೆಯು ತರ್ಕವನ್ನು ಬಿಟ್ಟು ಮೂತ್ರಪಿಂಡಕ್ಕೆ ಇಳಿಯುತ್ತದೆ.

ಐಸೋಫ್ಲುರೇನಿನಂತಹ ಔಷಧವು ಪ್ರಜ್ಞೆಯನ್ನು ಅಡಗಿಸುವುದರೊಡನೆ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಬಲವನ್ನೂ ಕುಗ್ಗಿಸುತ್ತದೆ. ಸರಾಸರಿ ರಕ್ತದೊತ್ತಡವು ಪಾದರಸದ 60 ಮಿಲಿಮೀಟರಿಗಿಂತ ಇಳಿದು ಅಲ್ಲಿಯೇ ನಿಂತರೆ ಮೂತ್ರಪಿಂಡಕ್ಕೂ ಮೆದುಳಿಗೂ ಸಲ್ಲಬೇಕಾದ ರಕ್ತವು ಸಲ್ಲದೆ ಹೋಗಬಹುದು. ನಾಯಿಯು ನರಳುವುದಿಲ್ಲ, ಕಾಲು ಸೆಳೆದುಕೊಳ್ಳುವುದಿಲ್ಲ. ಮನೆಗೆ ಮರಳಿದ ಕೆಲವು ದಿನಗಳ ಮೇಲೆ ಅನ್ನ ಬಿಟ್ಟು ಮೂಲೆ ಹಿಡಿದಾಗಲೇ ಹಾನಿಯು ಪ್ರಕಟವಾಗುವುದು. ನೋವಿಲ್ಲದೆಡೆ ಹಿಂಸೆಯಿಲ್ಲವೆಂಬ ವಾದವು ಇಲ್ಲಿ ನಿಲ್ಲಲಾರದು.

ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ ಜೈನ ವಿದ್ವತ್ತಿಗೆ ಆಶ್ರಯವಾಗಿತ್ತಷ್ಟೆ. ಆ ಪರಂಪರೆಯು ಪ್ರಮಾಣವೆಂದು ಮನ್ನಿಸುವ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಪ್ರಾಣಹಾನಿಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಕೂಡಿಸಿತೇ ಹೊರತು, ಹಾನಿಗೊಂಡ ಜೀವವು ನೋವನ್ನು ಅರಿಯಿತೆ ಎಂದು ವಿಚಾರಿಸಲಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಸರ್ವಪ್ರಯತ್ನದಿಂದ ಕಾಯ್ದಿದ್ದೂ ನಾಯಿಯನ್ನು ಉಳಿಸಲಾರದೆ ಹೋದ ವೈದ್ಯನು ಹಿಂಸಕನಲ್ಲ. ಒತ್ತಡವನ್ನು ಅಳೆಯದೆಯೇ ಹೊಲಿಗೆ ಮುಗಿಸಿದವನ ನಾಯಿ ದೈವಯೋಗದಿಂದ ಬದುಕಿದರೂ ಅವನ ಲೆಕ್ಕ ಚುಕ್ತವಾಗದು. ಪ್ರಜ್ಞೆಯನ್ನು ಕಸಿದುಕೊಂಡವರು ನಾವಾದ್ದರಿಂದ ಆ ಹೊತ್ತಿನ ಎಚ್ಚರವೂ ನಮ್ಮ ಪಾಲಿನದೇ.

ಆ ಎಚ್ಚರಕ್ಕೆ ಕ್ರಮವುಂಟು. ಕಾಲಿನ ಸುತ್ತಳತೆಯ ಸುಮಾರು ಶೇಕಡ 40ರಷ್ಟು ಅಗಲದ ಪಟ್ಟಿಯನ್ನು ಕಟ್ಟಿ ಐದೈದು ನಿಮಿಷಕ್ಕೊಮ್ಮೆ ರಕ್ತದೊತ್ತಡವನ್ನು ಅಳೆಯಬೇಕು. ಒತ್ತಡವು ಕುಸಿದರೆ, ರಕ್ತಸ್ರಾವವಿದೆಯೇ ಎಂದು ನೋಡುತ್ತ, ಮೊದಲು ಅರಿವಳಿಕೆಯ ಅನಿಲವನ್ನು ತಗ್ಗಿಸಬೇಕು. ಹಲವರು ಅಭ್ಯಾಸಬಲದಿಂದ ಮೊದಲು ಸಲೈನಿನ ಬಾಟಲಿಗೇ ಕೈಹಾಕುವುದುಂಟು. ನಾಳಗಳು ಸಡಿಲಿದ್ದರಿಂದಲೇ ಬಂದ ಕುಸಿತವು ದ್ರವವೊಂದರಿಂದಲೇ ಪರಿಹಾರವಾಗುವುದೆಂಬುದನ್ನು ನಾನೊಪ್ಪೆನು. ದ್ರವವು ಬೇಕಾದಾಗ ನಾಯಿಯ ಪ್ರತಿ ಕಿಲೋ ತೂಕಕ್ಕೆ 5ರಿಂದ 10 ಮಿಲಿಲೀಟರಿನಷ್ಟು ರಿಂಗರ್ ಲ್ಯಾಕ್ಟೇಟನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಕೊಡುವುದು ವಾಡಿಕೆ. ಬೆಕ್ಕಿಗೆ ಅದಕ್ಕಿಂತ ಕಡಿಮೆ. ನಾಡಿಯು ಮಂದವಾಗಿದ್ದರೆ ಅಟ್ರೋಪಿನ್. ಅಷ್ಟರಿಂದಲೂ ಒತ್ತಡವು ಏರದಿದ್ದರೆ ಡೋಪಮೈನ್ ಅಥವಾ ನಾರ್‌ಅಡ್ರಿನಲಿನ್ ಹನಿ. 40 ಡಿಗ್ರಿ ಮೀರುವ ಕಲಬುರಗಿಯ ಬೇಸಗೆಯಲ್ಲಿ, ಕೀವಿನ ವಿಷದಿಂದ ಬಳಲಿ ನೀರಾರಿದ ನಾಯಿಗಾದರೋ, ಈ ಆರೈಕೆಯು ಅರಿವಳಿಕೆಗೆ ಮುನ್ನವೇ ಆರಂಭವಾಗತಕ್ಕದ್ದು.

ಓದುಗರು ತಮ್ಮ ಪ್ರಾಣಿಯನ್ನು ಶಸ್ತ್ರಕ್ರಿಯೆಗೆ ಒಪ್ಪಿಸುವ ಮುನ್ನ, ಅದರ ರಕ್ತದೊತ್ತಡವನ್ನು ನೋಡುತ್ತ ಕುಳಿತಿರುವವರು ಯಾರೆಂದು ವೈದ್ಯರನ್ನು ಕೇಳಬೇಕು.